ಓದಿ ಮುಗಿದ ಪುಸ್ತಕ: ಮಾರಾಟವೋ, ದಾಸೋಹವೋ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದಿನ ವಿಷಯ ಮೇಲ್ನೋಟಕ್ಕೆ ಚಿಕ್ಕದು. ಓದಿ ಮುಗಿದ ಪಠ್ಯಪುಸ್ತಕವನ್ನು ಮೊಬೈಲಿನ ಮೂಲಕ ಇನ್ನೊಬ್ಬ ವಿದ್ಯಾರ್ಥಿಗೆ ಮಾರುವುದು ಸರಿಯೇ? ಸರಿಯಾದರೆ ಹೇಗೆ ಮಾರಬೇಕು? ಪಿಯುಸಿ, ಇಂಜಿನಿಯರಿಂಗ್ ಓದುವ ಮಕ್ಕಳು ಈಗ ಪರೀಕ್ಷೆ ಮುಗಿಯುತ್ತಲೇ ಪುಸ್ತಕಗಳ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ, ಫೇಸ್‌ಬುಕ್ಕಿಗೆ, ಓಎಲ್‌ಎಕ್ಸ್‌ಗೆ ಹಾಕುತ್ತಾರೆ. ಇದನ್ನು ಕಂಡ ಕೆಲವು ಹಿರಿಯರು, “ವಿದ್ಯೆಯನ್ನು ಮಾರಬಾರದು, ಪುಸ್ತಕವನ್ನು ಸುಮ್ಮನೆ ಕೊಡಬೇಕು” ಎನ್ನುತ್ತಾರೆ. ಮಕ್ಕಳು, “ಮುಂದಿನ ಸೆಮಿಸ್ಟರಿನ ಪುಸ್ತಕಕ್ಕೆ ದುಡ್ಡು ಎಲ್ಲಿಂದ ತರೋಣ?” ಎಂದು ಕೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಶರಣರ ದಾರಿಯಲ್ಲಿ ನಿಂತು ಇದನ್ನು ಬಿಡಿಸಿ ನೋಡೋಣ.

ಮೊದಲು ಹಿರಿಯರ ಮಾತು. ನಮ್ಮ ನಾಡಿನ ಬಡಮಕ್ಕಳು ಅಕ್ಷರ ಕಂಡದ್ದು ದಾಸೋಹದ ಬಲದಿಂದ. ಸಿದ್ಧಗಂಗಾ ಮಠದಲ್ಲಿ ಡಾ. ಶಿವಕುಮಾರ ಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಅಕ್ಷರ ಮೂರನ್ನೂ ಕೊಟ್ಟರು. ಊರೂರಿನ ಉಚಿತ ಪ್ರಸಾದ ನಿಲಯಗಳು ಇದೇ ಕೆಲಸ ಮಾಡಿದವು. ಆ ಅನ್ನ ಉಂಡ ಸಮಾಜ ಪುಸ್ತಕಕ್ಕೆ ಬೆಲೆ ಕಟ್ಟುವುದೇ ಎಂದು ಹಿರಿಯರಿಗೆ ಅನಿಸುವುದು ಸಹಜ.

ಆದರೆ ಇನ್ನೊಂದು ಮಾತನ್ನೂ ನೆನೆಯಬೇಕು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು. ಮುಂದೆ ಸ್ವಂತ ಮನೆಯನ್ನೇ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಅವರು ಅಚ್ಚು ಹಾಕಿದ ಪುಸ್ತಕಕ್ಕೂ ಬೆಲೆ ಇತ್ತು. ಆ ಬೆಲೆ ಅವರನ್ನು ಸಿರಿವಂತರನ್ನಾಗಿ ಮಾಡಲಿಲ್ಲ, ಮುಂದಿನ ಪುಸ್ತಕಕ್ಕೆ ಕಾಗದ ಒದಗಿಸಿತು. ಮಾರಾಟವೆಂದ ಮಾತ್ರಕ್ಕೆ ಅದು ಲೋಭವಲ್ಲ. ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಅದರ ಗುಣ ನಿಲ್ಲುತ್ತದೆ.

ಕೊಳ್ಳುವವನ ಕಡೆಯಿಂದಲೂ ನೋಡಿ. ಬಸವಾದಿ ಶರಣರು ಕಾಯಕವನ್ನು ಕಡ್ಡಾಯ ಮಾಡಿದ್ದು ಯಾರೂ ಇನ್ನೊಬ್ಬರ ಮುಂದೆ ಕೈಚಾಚಬಾರದು ಎಂದೇ. ಬಡ ವಿದ್ಯಾರ್ಥಿಗೆ ಪುಕ್ಕಟೆ ಕೊಟ್ಟರೆ ಕೆಲವೊಮ್ಮೆ ಅವನ ತಲೆ ತಗ್ಗುತ್ತದೆ. ಅರ್ಧ ಬೆಲೆಗೆ ಕೊಂಡವನು ತಲೆ ಎತ್ತಿ ಓದುತ್ತಾನೆ, ಮರುವರ್ಷ ಅದನ್ನೇ ಇನ್ನೊಬ್ಬನಿಗೆ ದಾಟಿಸುತ್ತಾನೆ. ಲೆಕ್ಕ ಸರಳ. ತಲಾ 600 ರೂಪಾಯಿಯ ಐದು ಪುಸ್ತಕಗಳಿಗೆ 3000 ರೂಪಾಯಿ. ಅರ್ಧ ಬೆಲೆಗೆ ಮಾರಿದರೆ ಮಾರಿದವನ ಕೈಗೆ 1500 ಬಂತು, ಕೊಂಡವನಿಗೆ 1500 ಉಳಿಯಿತು. ಅದೇ ಪುಸ್ತಕ ರದ್ದಿ ಅಂಗಡಿಗೆ ಹೋದರೆ ತಕ್ಕಡಿ ಅದರ ತೂಕ ನೋಡುತ್ತದೆ, ಒಳಗಿನ ಅಕ್ಷರ ನೋಡುವುದಿಲ್ಲ. ಕಪಾಟಿನಲ್ಲಿ ಧೂಳು ಹಿಡಿದ ಪುಸ್ತಕ ಸ್ಥಾವರ. ಕೈಯಿಂದ ಕೈಗೆ ನಡೆದದ್ದು ಜಂಗಮ.

ಹಾಗಾದರೆ ಎಷ್ಟು ಬೆಲೆ ಕೇಳಬೇಕು? ಇಲ್ಲಿ ನಮಗೆ ಗುರು ಆಯ್ದಕ್ಕಿ ಲಕ್ಕಮ್ಮ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದಳು. ಬಡತನದಲ್ಲಿದ್ದೂ ಹೇಳಿದಳು ಎಂಬುದನ್ನು ಮರೆಯಬಾರದು. ಪ್ರವೇಶ ಪರೀಕ್ಷೆ ಹತ್ತಿರ ಬಂದಾಗ, ಅಂಗಡಿಯಲ್ಲಿ ಪುಸ್ತಕ ಸಿಗದಿದ್ದಾಗ, ಹಳೆಯದಕ್ಕೆ ಹೊಸದರ ಬೆಲೆ ಕೇಳುವವರಿದ್ದಾರೆ. ಅದು ಹೆಚ್ಚಾದ ಅಕ್ಕಿ. ಪುಸ್ತಕ ಚೆನ್ನಾಗಿದ್ದರೆ ಮುದ್ರಿತ ಬೆಲೆಯ ಅರ್ಧ, ಸವೆದಿದ್ದರೆ ಕಾಲುಭಾಗ. ಇದು ನನ್ನ ಸಲಹೆ.

ಎರಡನೆಯದು ಸತ್ಯ. ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡಬಹುದು, ಮೊಬೈಲಿನಲ್ಲಿ ಫೋಟೊ ಮಾತ್ರ ಕಾಣುತ್ತದೆ. ಕೊಳ್ಳುವವನು ನಿಮ್ಮ ಮಾತನ್ನೇ ನಂಬಬೇಕು. ಆದ್ದರಿಂದ ಯಾವ ಆವೃತ್ತಿ, ಯಾವ ವರ್ಷದ ಮುದ್ರಣ, ಹರಿದ ಪುಟ ಎಷ್ಟು, ಪೆನ್ನಿನ ಗುರುತು ಎಲ್ಲಿದೆ, ಎಲ್ಲವನ್ನೂ ಮೊದಲೇ ಹೇಳಿ. ಬಹು ಆಯ್ಕೆಯ ಪ್ರಶ್ನೆಗಳ ಪುಸ್ತಕದಲ್ಲಿ ಉತ್ತರಕ್ಕೆ ಗುರುತು ಹಾಕಿದ್ದರೆ ಅದು ಅಭ್ಯಾಸಕ್ಕೆ ಬಾರದು, ಅದನ್ನೂ ತಿಳಿಸಿ. ವಿಟಿಯುದಲ್ಲಿ 2018, 2021, 2022 ಎಂದು ಸ್ಕೀಮ್ ಬದಲಾಗಿದೆ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಭಾರ ಇಳಿಸಿ ಹಲವು ಭಾಗಗಳನ್ನು ಕೈಬಿಟ್ಟಿತು. ಪಠ್ಯಕ್ರಮ ಬದಲಾದದ್ದನ್ನು ಮುಚ್ಚಿಟ್ಟು ಹಳೆಯ ಪುಸ್ತಕ ದಾಟಿಸಿದರೆ, ಕಳೆಯುವುದು ಆ ಮಗುವಿನ ಹಣವಷ್ಟೇ ಅಲ್ಲ, ಒಂದು ವರ್ಷದ ಓದು.

ಮೂರನೆಯದು, ಯಾವುದನ್ನು ಮಾರಬಾರದು. ಕೊಂಡ ಪುಸ್ತಕವನ್ನು ಮತ್ತೆ ಮಾರಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಆದರೆ ಪುಸ್ತಕವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾರುವುದು, ಕದ್ದು ಮುದ್ರಿಸಿದ ಪ್ರತಿ ಮಾರುವುದು ಅಪರಾಧ. ಬರೆದವರ, ಅಚ್ಚು ಹಾಕಿದವರ ಕಾಯಕವನ್ನು ಕದ್ದಂತೆ. ಸರಕಾರ ಒಂದರಿಂದ ಹತ್ತನೆಯ ತರಗತಿಯವರೆಗೆ ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಪಠ್ಯಪುಸ್ತಕವನ್ನು ಉಚಿತವಾಗಿ ಕೊಡುತ್ತದೆ. ಉಚಿತವಾಗಿ ಬಂದದ್ದಕ್ಕೆ ಬೆಲೆ ಕಟ್ಟುವುದು ಸಲ್ಲದು. ಗ್ರಂಥಾಲಯದ ಮುದ್ರೆ ಇರುವ ಪುಸ್ತಕ ಗ್ರಂಥಾಲಯಕ್ಕೇ ಮರಳಲಿ. ಎನ್‌ಸಿಇಆರ್‌ಟಿ ಪುಸ್ತಕಗಳು ಅದರ ಜಾಲತಾಣದಲ್ಲಿ ಹಣವಿಲ್ಲದೆ ಸಿಗುತ್ತವೆ. ಬಡ ಮಗುವಿಗೆ ಅದನ್ನು ಇಳಿಸಿಕೊಳ್ಳಲು ಕಲಿಸುವುದೂ ಒಂದು ಸೇವೆ.

ನಾಲ್ಕನೆಯದು ಎಚ್ಚರ. ಪಾಲಕರು ಇದನ್ನು ಗಮನವಿಟ್ಟು ಕೇಳಬೇಕು. “ನಾನೇ ಹಣ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎಂದು ಕೊಳ್ಳುವವನು ಹೇಳಿದರೆ ಅದು ಮೋಸ. ಯುಪಿಐನಲ್ಲಿ ಹಣ ಕಳಿಸಲು ಮಾತ್ರ ಪಿನ್ ಬೇಕು, ಪಡೆಯಲು ಬೇಡ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನೆ ವಿಳಾಸ, ಹಾಸ್ಟೆಲಿನ ಕೋಣೆ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಹೆಣ್ಣುಮಕ್ಕಳು ಅಪರಿಚಿತರನ್ನು ಒಬ್ಬರೇ ಭೇಟಿಯಾಗುವುದು ಬೇಡ. ಕಾಲೇಜಿನ ಗ್ರಂಥಾಲಯದ ಮುಂದೆಯೋ, ಮಠದ ಅಂಗಳದಲ್ಲಿಯೋ ಪುಸ್ತಕ ಕೈ ಬದಲಾಗಲಿ. ದೂರದ ಊರಿಗಾದರೆ ಅಂಚೆ ಇದೆ. ಅಂಚೆ ಇಲಾಖೆ 2025ರ ಮೇ 1ರಿಂದ ಶೈಕ್ಷಣಿಕ ಪುಸ್ತಕಗಳಿಗೆಂದೇ ‘ಜ್ಞಾನ ಪೋಸ್ಟ್’ ಆರಂಭಿಸಿತು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅರ್ಧ ಬೆಲೆಯೂ ಇಲ್ಲದವರ ಗತಿ ಏನು? ಒಳ್ಳೆಯ ಮೊಬೈಲೂ ಇಲ್ಲದ ಮಗುವಿಗೆ ಈ ಮಾರುಕಟ್ಟೆ ಕಾಣುವುದೇ ಇಲ್ಲ. ಇಲ್ಲಿ ಕಾಯಕದ ಜೊತೆಗೆ ದಾಸೋಹ ಬರಬೇಕು. ನನ್ನ ಸೂಚನೆ ಇಷ್ಟೇ. ಪ್ರತಿ ಮಠದಲ್ಲಿ, ಬಸವ ಕೇಂದ್ರದಲ್ಲಿ ಒಂದು ಪುಸ್ತಕದ ಕಪಾಟು ಇಡೋಣ. ಉಳ್ಳವರು ತಮ್ಮ ಮಕ್ಕಳ ಪುಸ್ತಕವನ್ನು ಅಲ್ಲಿ ಬೆಲೆಯಿಲ್ಲದೆ ಇಡಲಿ. ಮಾರಲೇಬೇಕಾದ ಸ್ಥಿತಿಯಲ್ಲಿರುವವರು ನ್ಯಾಯವಾದ ಬೆಲೆ ಬರೆದಿಡಲಿ. ಪ್ರಸಾದ ನಿಲಯದ ಇಬ್ಬರು ವಿದ್ಯಾರ್ಥಿಗಳು ಆ ಪಟ್ಟಿಯನ್ನು ವಾಟ್ಸಾಪಿನಲ್ಲಿ ಹಾಕುವ ಕಾಯಕ ವಹಿಸಿಕೊಳ್ಳಲಿ. ಮೊಬೈಲ್ ಇಲ್ಲದವನು ನೇರ ಕಪಾಟಿಗೆ ಬರಲಿ. ಯಾರು ಬೆಲೆ ಕೊಟ್ಟರು, ಯಾರು ಕೊಡಲಿಲ್ಲ ಎಂದು ಯಾರೂ ಹೆಸರು ಕೂಗುವುದು ಬೇಡ.

ಇದಕ್ಕೆ ಕಾಲವೂ ಕೂಡಿಬರುತ್ತದೆ. ಬಸವ ಜಯಂತಿ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ, ವಾರ್ಷಿಕ ಪರೀಕ್ಷೆ ಮುಗಿದು ಹೊಸ ತರಗತಿ ಆರಂಭವಾಗುವ ನಡುವೆ. ಮೆರವಣಿಗೆಗೆ, ಪೆಂಡಾಲಿಗೆ ನಾವು ಧಾರಾಳವಾಗಿ ಖರ್ಚು ಮಾಡುತ್ತೇವೆ. ಈ ಸಲ ಜಯಂತಿಯ ದಿನ ಪ್ರತಿ ಮನೆಯವರೂ ಕಪಾಟು ತೆರೆದು, ಓದಿ ಮುಗಿದ ಪುಸ್ತಕಗಳನ್ನು ಒರೆಸಿ, ರಟ್ಟು ಅಂಟಿಸಿ ತರಲಿ. ಜೂನ್ ತಿಂಗಳಲ್ಲಿ ಯಾವ ಮಗುವೂ ಪುಸ್ತಕವಿಲ್ಲದೆ ತರಗತಿಯಲ್ಲಿ ಕೂರದಂತೆ ನೋಡಿಕೊಂಡರೆ ನಾವು ಆಚರಿಸಿದ ಜಯಂತಿ ಸಾರ್ಥಕ.