ನಿಯಂತ್ರಕ ಮಂಡಲ ಮತ್ತು ಷಾರ್ಟ್ ಪ್ರವಾಹ



2024ರ ನವೆಂಬರ್ 19ರ ಬಿರುಗಾಳಿಗೆ ಇಸ್ಸಾಕ್ವಾದ ಅನೇಕ ಮನೆಗಳಲ್ಲಿ ವಿದ್ಯುತ್ತು ಹೋಯಿತು. ಅಂತಹ ವೇಳೆಗೊದಗುವ, 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಕೊಡುವ ಸರಳ ನಿಯಂತ್ರಕವೊಂದನ್ನು ಪರಿಶೀಲಿಸೋಣ.

ಅದರ ಆಧಾರ ವೋಲ್ಟೇಜು 1.25. 720 ಹಾಗೂ 240 ಓಮ್ ರೋಧಕಗಳು ನಿರ್ಗಮದ ಕಾಲುಭಾಗವನ್ನು ಹೋಲಿಕೆಗೆ ಕಳಿಸುತ್ತವೆ. ಎಂತಲೇ ನಿರ್ಗಮವು 5 ವೋಲ್ಟಿಗೆ ನಿಲ್ಲುತ್ತದೆ. ಕತ್ತಿನ ಧಮನಿಯ ಒತ್ತಡಗ್ರಾಹಿಗಳನ್ನು ಬಲ್ಲ ವೈದ್ಯರಾದ ನಮಗೆ ಈ ಏರ್ಪಾಡು ಅಪರಿಚಿತವಲ್ಲ.

ಪ್ರವಾಹದ ಹಾದಿಯಲ್ಲಿ 0.65 ಓಮ್ ರೋಧಕವಿದೆ. ಅದರಲ್ಲಿ 0.65 ವೋಲ್ಟ್ ಕಂಡೊಡನೆ ಕಾವಲಿನ ಟ್ರಾನ್ಸಿಸ್ಟರ್ ಎಚ್ಚೆತ್ತು ಪ್ರವಾಹವನ್ನು 1 ಆಂಪಿಯರಿಗೆ ತಡೆಯುತ್ತದೆ. ಷಾರ್ಟ್ ಆದರೂ 1 ಆಂಪಿಯರೇ ತಾನೆ ಎಂದು ನಾವು ನಿಶ್ಚಿಂತರಾಗುವಂತಿಲ್ಲ. 5 ವೋಲ್ಟಿನಲ್ಲಿ ಇಷ್ಟೇ ಪ್ರವಾಹ ಕೊಡುವಾಗ ಮುಖ್ಯ ಟ್ರಾನ್ಸಿಸ್ಟರ್ ಭರಿಸುವ ಶಾಖ 6.35 ವ್ಯಾಟ್, ಷಾರ್ಟಿನಲ್ಲಿ ನಿರ್ಗಮ ಶೂನ್ಯವಾದಾಗ 11.35 ವ್ಯಾಟ್. ಶಾಖ ಹೀರುವ ಲೋಹದ ಫಲಕವನ್ನು ಈ ಎರಡನೆಯ ಅಂಕಿಗೇ ಆರಿಸಬೇಕು.