ಡೌರೊ ನದಿಯ ದಡಗಳು: ನಿಂತ ನೀರು, ಕಟ್ಟಿದ ಗುಡ್ಡ

ಪ್ರವಾಸದ ಬಗ್ಗೆ ಮಾತಾಡು ಅಂದರೆ ಫೋಟೊ ತೋರಿಸಿ, ಖರ್ಚಿನ ಲೆಕ್ಕ ಹೇಳಿ ಮುಗಿಸೋದು ರೂಢಿ. ಆದರೆ ಪೋರ್ಚುಗಲ್‌ನ ಡೌರೊ ನದಿಯಲ್ಲಿ ಏಳು ದಿನ ಹಡಗಿನಲ್ಲಿ ಹೋಗಿಬಂದ ಮೇಲೆ ನನಗೆ ಮುಖ್ಯ ಅನ್ನಿಸಿದ್ದು ಒಂದು ವಿಷಯ. ಅಲ್ಲಿ ನಾವು ಪ್ರಕೃತಿ ಸೌಂದರ್ಯ ಅಂತ ನೋಡೋದರಲ್ಲಿ ಬಹುಪಾಲು ಮನುಷ್ಯರ ಕೈಕೆಲಸ. ಗುಡ್ಡದ ಮೆಟ್ಟಿಲು ಕಟ್ಟಿದ್ದು, ಕನ್ನಡಿಯಂಥ ನೀರೂ ಕಟ್ಟಿ ನಿಲ್ಲಿಸಿದ್ದು. ಇದು ಗೊತ್ತಿದ್ದರೆ ಒಂದೊಂದು ನಿಲ್ದಾಣವೂ ಬೇರೆ ಥರ ಕಾಣುತ್ತೆ.

ಮೊದಲೇ ಹೇಳಿಬಿಡ್ತೀನಿ, ನಾನು ವೈನ್ ಕುಡಿಯೋನಲ್ಲ. ವೈನ್ ನಾಡಿಗೆ ಹೋಗಿ ಏನು ಮಾಡಿದ್ರಿ ಅಂತ ಮನೆಯವರೇ ಕೇಳಿದ್ರು. ನೋಡಿದ್ದನ್ನೇ ಹೇಳ್ತೀನಿ, ಕೇಳಿ.

ಪ್ರಯಾಣ ಶುರುವಾಗೋದು ಪೋರ್ಟೊದಲ್ಲಿ. ಈ ದಡದಲ್ಲಿ ಪೋರ್ಟೊ, ಎದುರು ದಡದಲ್ಲಿ ವಿಲಾ ನೊವಾ ದೆ ಗಾಯ. ನಡುವೆ 1886ರಲ್ಲಿ ತೆರೆದ ಎರಡಂತಸ್ತಿನ ಕಬ್ಬಿಣದ ಸೇತುವೆ. ಗಾಯದ ಕಡೆ ಹಂಚಿನ ಮಾಡಿನ ಉದ್ದುದ್ದ ಗೋದಾಮುಗಳ ಸಾಲು. ಪೋರ್ಟ್ ವೈನ್ ಹಣ್ಣಾಗೋದು ಅಲ್ಲಿ, ದ್ರಾಕ್ಷಿ ಬೆಳೆಯೋದು ಅಲ್ಲಿಂದ ದೂರ, ನದಿಯ ಮೇಲ್ಭಾಗದಲ್ಲಿ. ಯಾಕೆ ಹೀಗೆ? ಮೇಲೆ ಬೇಸಿಗೆ ಸುಡುತ್ತೆ, ಸಮುದ್ರದ ಹತ್ತಿರ ತಂಪು, ತೇವ. ಮೇಲಿನವರದೇ ಒಂದು ಗಾದೆ ಇದೆ: ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ.

ನಮ್ಮ ಮುಂಬೈ ಶ್ರೋತೃಗಳಿಗೆ ಇಲ್ಲೊಂದು ನಂಟು ಇದೆ. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರಿನ್ ಜೊತೆ ಮುಂಬೈ ದ್ವೀಪ ಇಂಗ್ಲೆಂಡಿಗೆ ವರದಕ್ಷಿಣೆಯಾಗಿ ಹೋಯ್ತು, ಗೊತ್ತಲ್ವಾ? ಅದೇ ಎರಡು ದೇಶಗಳ ಸ್ನೇಹ ಮುಂದುವರಿದು, 1703ರ ಮೆಥ್ಯುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ವೈನ್‌ಗೆ ಫ್ರಾನ್ಸಿನ ವೈನ್‌ಗಿಂತ ಮೂರನೇ ಒಂದು ಪಾಲು ಕಡಿಮೆ ಸುಂಕ ಅಂತಾಯ್ತು. ಗಾಯದ ಗೋದಾಮುಗಳ ಮೇಲೆ ಇವತ್ತೂ ಇಂಗ್ಲಿಷ್ ಹೆಸರುಗಳು ಕಾಣೋದು ಅದಕ್ಕೇ. ಧಾರವಾಡದ ಕಡೆ ಚಾವಿ, ಬಟಾಟಿ ಅಂತೀವಲ್ಲ, ಎರಡೂ ಈ ಜನರ ಮಾತಿನಿಂದಲೇ ಬಂದವು. ಪೋರ್ಟೊದ ಹೋಟೆಲಿನಲ್ಲಿ ಬಟಾಟ ಅಂದರೆ ಆಲೂಗಡ್ಡೆ ತಪ್ಪದೆ ಬರುತ್ತೆ, ಸಸ್ಯಾಹಾರಿಗಳು ನೆನಪಿಡಿ!

ಹಡಗು ಹೊರಟ ಮೇಲೆ ಮೊದಲ ಅಚ್ಚರಿ ಅಂದರೆ ಲಾಕ್‌ಗಳು. ಪೋರ್ಚುಗಲ್ ಭಾಗದಲ್ಲಿ ಹಡಗು ಓಡುವ ಸುಮಾರು 210 ಕಿಲೋಮೀಟರ್ ದಾರಿಯಲ್ಲಿ ಐದು ಅಣೆಕಟ್ಟು ಇವೆ. ಪ್ರತಿ ಅಣೆಕಟ್ಟಿನ ಪಕ್ಕದಲ್ಲೂ ಒಂದು ಕಾಂಕ್ರೀಟ್ ತೊಟ್ಟಿ. ಹಡಗು ಒಳಗೆ ಹೋಗುತ್ತೆ, ಹಿಂದಿನ ಬಾಗಿಲು ಮುಚ್ಚುತ್ತೆ, ನೀರು ತುಂಬುತ್ತೆ, ಹಡಗು ಮೇಲೇರುತ್ತೆ. ಕರಪಟೇಲೊ ಅನ್ನೋ ಕಡೆ ಒಂದೇ ಸಲಕ್ಕೆ 35 ಮೀಟರ್ ಏರಿಕೆ, ಹತ್ತು ಮಹಡಿ ಕಟ್ಟಡದಷ್ಟು. ಎರಡೂ ಪಕ್ಕದ ಒದ್ದೆ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಮೇಲೆ ಬಂದಾಗ ಎದುರಿಗೆ ಅಗಲವಾದ, ಅಲುಗಾಡದ ನೀರು.

ಈ ನೀರು ಹಿಂದೆ ಹೀಗಿರಲಿಲ್ಲ. ಡೌರೊ ಅಂದರೆ ಬಂಡೆ, ಸುಳಿ, ಬೇಸಿಗೆಯಲ್ಲಿ ಬತ್ತುವ, ಮಳೆಗಾಲದಲ್ಲಿ ಉಕ್ಕುವ ಪ್ರವಾಹ. ವೈನಿನ ಪೀಪಾಯಿಗಳನ್ನು ರಬೇಲು ಅನ್ನೋ ಚಪ್ಪಟೆ ತಳದ ದೋಣಿಯಲ್ಲಿ ತರುತ್ತಿದ್ದರು. ಹಿಂದೆ ಉದ್ದನೆಯ ಚುಕ್ಕಾಣಿ, ಅದನ್ನು ಹಿಡಿಯೋಕೆ ಒಂದು ಎತ್ತರದ ಅಟ್ಟಣೆ. ಇಳಿಯುವಾಗ ಪ್ರಾಣ ಕೈಯಲ್ಲಿ. ಹತ್ತುವಾಗ ಗಾಳಿ ಕೈಕೊಟ್ಟರೆ ದಡದಿಂದ ಮನುಷ್ಯರೋ ಎತ್ತುಗಳೋ ಹಗ್ಗ ಕಟ್ಟಿ ಎಳೀಬೇಕು. ರೈಲು ಬಂತು, ಆಮೇಲೆ ಲಾರಿ ಬಂತು, 1960ರ ದಶಕದ ಹೊತ್ತಿಗೆ ದೋಣಿಗಳ ಕೆಲಸ ಮುಗೀತು. 1970, 80ರ ದಶಕಗಳಲ್ಲಿ ಅಣೆಕಟ್ಟುಗಳು ಎದ್ದವು. ಇವತ್ತು ಗಾಯದ ದಡದಲ್ಲಿ ಸಾಲಾಗಿ ಕಟ್ಟಿಹಾಕಿರುವ ರಬೇಲುಗಳು ವೈನ್ ಕಂಪನಿಗಳ ಜಾಹೀರಾತಿಗೆ.

ರೆಗ್ವಾ ಪಟ್ಟಣ ದಾಟುವ ಹೊತ್ತಿಗೆ ದ್ರಾಕ್ಷಿಯ ಗುಡ್ಡಗಳು ಎರಡೂ ಕಡೆ ಸುತ್ತಿಕೊಳ್ತವೆ. ಸಾಮಾನ್ಯವಾಗಿ ಇಲ್ಲಿಂದ ಬಸ್ಸಿನಲ್ಲಿ ಲಮೇಗೊಗೆ ಕರ್ಕೊಂಡು ಹೋಗ್ತಾರೆ. ಅಲ್ಲಿ ಬೆಟ್ಟದ ಚರ್ಚಿಗೆ 686 ಮೆಟ್ಟಿಲು. ಮಂಡಿನೋವಿದ್ದವರು ಬಸ್ಸಿನಲ್ಲಿ ಮೇಲೆ ಹೋಗಿ, ಇಳಿಯುವಾಗ ನಡೀಬಹುದು.

ಈಗ ಗುಡ್ಡ ಓದೋದು ಹೇಗೆ ಅಂತ ಹೇಳ್ತೀನಿ. ಡೆಕ್ ಮೇಲೆ ಕೂತವರು ಇದನ್ನು ನೋಡಲೇಬೇಕು. ನೆಲ ಪದರಪದರವಾಗಿ ಸೀಳುವ ಶಿಸ್ಟ್ ಕಲ್ಲು. ಮಣ್ಣು ಅನ್ನೋದು ಅಲ್ಲಿ ತಾನಾಗಿ ಇದ್ದಿದ್ದೇ ಕಡಿಮೆ. ಕಲ್ಲನ್ನು ಒಡೆದು, ಗಾರೆ ಇಲ್ಲದೆ ಗೋಡೆ ಕಟ್ಟಿ, ಪುಡಿಯನ್ನು ಹಿಂದೆ ತುಂಬಿ ನೆಲ ಮಾಡಿದ್ದಾರೆ. ಸ್ಪೇನಿನ ಗಲೀಷಿಯಾದಿಂದಲೂ ಕೂಲಿಗಳು ಬಂದು ದುಡಿದಿದ್ದಾರೆ. ಕಿರಿದಾದ ಮೆಟ್ಟಿಲು, ಒಂದೆರಡು ಸಾಲು ಬಳ್ಳಿ ಇದ್ದರೆ ಅದು ಹಳೇ ಕಾಲದ್ದು. ಗೋಡೆ ಇದೆ, ಬಳ್ಳಿ ಇಲ್ಲ, ಪೊದೆ ಬೆಳೆದಿದೆ ಅಂದರೆ 19ನೇ ಶತಮಾನದಲ್ಲಿ ಫಿಲೊಕ್ಸೆರಾ ಅನ್ನೋ ಬೇರಿನ ಹೇನು ತಿಂದು ಮುಗಿಸಿದ ತೋಟ. ಅದಕ್ಕೆ ಅವರು ಮೊರ್ಟೋರಿಯು ಅಂತಾರೆ, ಸಾವಿನ ನೆಲ. ಗೋಡೆಯೇ ಇಲ್ಲದೆ ಬರೀ ಮಣ್ಣಿನ ದಿಬ್ಬ ಇದ್ದರೆ ಟ್ರ್ಯಾಕ್ಟರ್ ಬಂದ ಮೇಲಿನದು. ಒಂದೇ ಗುಡ್ಡದಲ್ಲಿ ಮೂರೂ ಅಕ್ಕಪಕ್ಕ ಕಾಣ್ತವೆ. 2001ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಜನ ದುಡಿದು ರೂಪಿಸಿದ ಭೂದೃಶ್ಯ ಅಂತಲೇ.

ಪಿನ್ಯಾಂವ್ ಈ ನಾಡಿನ ನಟ್ಟನಡುವಿನ ಪುಟ್ಟ ಊರು. ಹಡಗಿಳಿದು ಕೆಲವೇ ನಿಮಿಷ ನಡೆದರೆ ರೈಲು ನಿಲ್ದಾಣ. ಗೋಡೆ ಮೇಲೆ ನೀಲಿ ಹೆಂಚುಗಳ ಚಿತ್ರಪಟ್ಟಿಕೆಗಳು, 1937ರವು. ಹೆಂಗಸರು ದ್ರಾಕ್ಷಿ ಕೊಯ್ಯುತ್ತಿದ್ದಾರೆ, ಗಂಡಸರು ಬುಟ್ಟಿ ಹೊತ್ತು ಗುಡ್ಡ ಇಳಿಯುತ್ತಿದ್ದಾರೆ, ರಬೇಲು ಹೊರಟಿದೆ. ಅಣೆಕಟ್ಟಿಗಿಂತ ಹಿಂದಿನ ನದಿಯನ್ನು ನೋಡಬೇಕಾದರೆ ಈ ಗೋಡೆಯ ಮುಂದೆ ನಿಲ್ಲಬೇಕು. ನಮ್ಮ ಗುಂಪಿನ ಹೆಚ್ಚಿನವರು ವೈನ್ ರುಚಿ ನೋಡೋಕೆ ಹೋದಾಗ ನಾನು ಇಲ್ಲೇ ಒಂದು ಗಂಟೆ ಕಳೆದೆ.

ಇನ್ನೂ ಮೇಲೆ ಹೋದರೆ ವಲೇರಾ ಕಮರಿ. ಎರಡೂ ಕಡೆ ಗ್ರಾನೈಟ್ ಬಂಡೆ, ಮೇಲೆ ರಣಹದ್ದು. ಇಲ್ಲಿ ಮೊದಲು ದೋಣಿ ದಾಟಲಾಗದಂಥ ಬಂಡೆ ಇತ್ತು. 1780ರಿಂದ ಹನ್ನೆರಡು ವರ್ಷ ಸಿಡಿಸಿ ದಾರಿ ಮಾಡಿದರು. ಆಮೇಲೂ ಸುಳಿ ಉಳೀತು. ಡೌರೊದ ಹೆಸರಾಂತ ನಕ್ಷೆ ತಯಾರಿಸಿದ, ಈ ನದಿಯ ಮೂಲೆಮೂಲೆ ಬಲ್ಲ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ಮುಳುಗಿದ್ದು ಇಲ್ಲೇ. ಅದೇ ದೋಣಿಯಲ್ಲಿದ್ದ ತೋಟಗಳ ಒಡತಿ ದೊನಾ ಆಂತೋನಿಯಾ ಫೆರೈರಾ ಬದುಕಿ ಉಳಿದರು. ಅವನ ಸೊಂಟದ ಚಿನ್ನದ ನಾಣ್ಯಗಳು ಅವನನ್ನು ಮುಳುಗಿಸಿದವು, ಅವರ ಬುಗ್ಗೆಯಂಥ ಲಂಗ ಅವರನ್ನು ತೇಲಿಸಿತು ಅನ್ನೋದು ಜನ ಹೇಳುವ ಕಥೆ. ನಮ್ಮ ಹಡಗು ಆ ಜಾಗ ದಾಟುವಾಗ ಮೇಜಿನ ಮೇಲಿನ ಕಾಫಿ ಕೂಡ ಅಲುಗಲಿಲ್ಲ.

ಹಾಗಾದರೆ ಅಣೆಕಟ್ಟು ಒಳ್ಳೇದಾ, ಕೆಟ್ಟದ್ದಾ? ವಿದ್ಯುತ್ ಕೊಟ್ಟಿತು, ಸಾವು ತಪ್ಪಿಸಿತು, ನಾವು ಹೋಗೋಕಾದದ್ದೂ ಅದರಿಂದಲೇ. ಹಾಗಂತ ಎಲ್ಲಾ ಕಡೆ ಕಟ್ಟಬೇಕಾ? ಇದಕ್ಕೆ ಪೋರ್ಚುಗೀಸರೇ ಒಂದು ಸಲ ಬೇಡ ಅಂದರು. ಡೌರೊ ಸೇರುವ ಕೋವಾ ಅನ್ನೋ ಉಪನದಿಯಲ್ಲಿ ಅಣೆಕಟ್ಟಿನ ಕೆಲಸ ನಡೀತಿತ್ತು. 1994ರಲ್ಲಿ ಅಲ್ಲಿನ ಬಯಲು ಬಂಡೆಗಳ ಮೇಲೆ ಶಿಲಾಯುಗದ ಗೀರುಚಿತ್ರಗಳು ಇರೋದು ಜನರಿಗೆ ಗೊತ್ತಾಯ್ತು. ಕುದುರೆ, ಕಾಡೆತ್ತು, ಕಾಡುಮೇಕೆ, ಕೆಲವಕ್ಕೆ ಇಪ್ಪತ್ತು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಶಾಲಾ ಮಕ್ಕಳೂ ಬೀದಿಗಿಳಿದರು. ಚಿತ್ರಗಳಿಗೆ ಈಜು ಬರೋದಿಲ್ಲ ಅನ್ನೋದು ಆ ಚಳವಳಿಯ ಘೋಷಣೆ. ಹೊಸ ಸರ್ಕಾರ ಕೆಲಸ ನಿಲ್ಲಿಸಿತು, 1998ರಲ್ಲಿ ಆ ಕಣಿವೆಯೂ ಯುನೆಸ್ಕೊ ಪಟ್ಟಿಗೆ ಬಂತು. ಹಡಗಿನವರು ಫೋಶ್ ಕೋವಾ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಇಟ್ಟಿದ್ದರೆ ದಯವಿಟ್ಟು ಬಿಡಬೇಡಿ.

ಪೋರ್ಚುಗಲ್‌ನ ಕೊನೆಯ ಊರು ಬಾರ್ಕಾ ದಾಲ್ವಾ, ಅಲ್ಲಿಂದಾಚೆ ಸ್ಪೇನ್. ಆ ಊರಿನ ರೈಲು 1988ರಲ್ಲಿ ನಿಂತುಹೋಗಿದೆ, ಹಳಿಗಳ ಮೇಲೆ ಹುಲ್ಲು ಬೆಳೆದಿದೆ.

ಹೋಗುವವರಿಗೆ ಎರಡು ಮಾತು. ಜುಲೈ, ಆಗಸ್ಟ್ ಬಿಸಿಲು ಬೇಡ. ಮೇ ತಿಂಗಳು ಹಸಿರು. ಸೆಪ್ಟೆಂಬರ್‌ನಲ್ಲಿ ಕೊಯ್ಲು, ಗುಡ್ಡದಲ್ಲಿ ಜನ ಕಾಣ್ತಾರೆ. ಹಡಗು ದುಬಾರಿ ಅನ್ನಿಸಿದರೆ ಪೋರ್ಟೊದಿಂದ ಪೊಸಿನ್ಯೊವರೆಗೆ ಸಾಮಾನ್ಯ ರೈಲು ಇದೆ, ಬಹಳಷ್ಟು ದೂರ ನದಿಯ ಅಂಚಿನಲ್ಲೇ ಓಡುತ್ತೆ. ಹೋಗುವಾಗ ಬಲಗಡೆ ಕಿಟಕಿ ಹಿಡೀರಿ.

ಪ್ರಶ್ನೆ ಇದ್ದರೆ ಕೇಳಿ, ಗೊತ್ತಿರೋದನ್ನು ಹೇಳ್ತೀನಿ.