ನಿಸರ್ಗದತ್ತ ಹಕ್ಕು: ಕೃಷ್ಣಾ ತೀರದ ಪಾಠ



ಸಹ್ಯಾದ್ರಿಯ ನೆತ್ತಿಯ ಮೇಲೆ ಸುರಿದ ಮಳೆ ಬೆಟ್ಟದವರ ಸೊತ್ತೇ, ಬಯಲಿನವರ ಸೊತ್ತೇ? ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಹೊಲಗಳಿಗೆ ನೀರುಣಿಸುತ್ತಾಳೆ. ಅದೇ ಬೆಟ್ಟಸಾಲಿನ ದೂಧಗಂಗೆ, ವೇದಗಂಗೆಗಳು ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ಹರಿದು ಕೃಷ್ಣೆಯ ನೀರಿಗೆ ನೀರು ಕೂಡಿಸುತ್ತವೆ. 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಬತ್ತಿದಾಗ, ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ನದಿ ಅದೇ ಹಳ್ಳಿಗಳನ್ನು ಮುಳುಗಿಸಿತು. ನೀರಿನ ಮೇಲೆ ಯಾರಿಗೆ ಯಾವ ಹಕ್ಕು, ಆ ಹಕ್ಕನ್ನು ಕೊಟ್ಟವರು ಯಾರು ಎಂಬ ಪ್ರಶ್ನೆ ಈ ಸೀಮೆಯಲ್ಲಿ ಪುಸ್ತಕದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ.

ಹಕ್ಕು ಎಲ್ಲಿಂದ ಬರುತ್ತದೆ ಎಂದು 17 ಮತ್ತು 18ನೆಯ ಶತಮಾನದ ಯುರೋಪಿನ ಚಿಂತಕರು ಆಳವಾಗಿ ವಿಚಾರಿಸಿದರು. ಇಂಗ್ಲೆಂಡಿನ ಜಾನ್ ಲಾಕ್ 1689ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂರು ಮಾತುಗಳನ್ನು ಮುಂದಿಟ್ಟನು. ಜೀವ, ಸ್ವಾತಂತ್ರ್ಯ, ಸೊತ್ತು, ಇವುಗಳ ಹಕ್ಕು ಹುಟ್ಟಿನಿಂದಲೇ ಬಂದುದು, ದೊರೆ ದಯಪಾಲಿಸಿದ್ದಲ್ಲ. ಮನುಷ್ಯನ ದುಡಿಮೆ ಅವನದೇ ಆದುದರಿಂದ ದುಡಿದು ಪಡೆದದ್ದೂ ಅವನದು; ಆದರೆ ಉಳಿದವರಿಗೂ ಸಾಕಷ್ಟು ಮಿಗಬೇಕು. ಸರ್ಕಾರವೆಂಬುದು ಜನರು ನಂಬಿ ಒಪ್ಪಿಸಿದ ಹೊಣೆ. ಆ ನಂಬಿಕೆಗೆ ದ್ರೋಹ ಬಗೆದರೆ ಅದನ್ನು ಬದಲಿಸುವ ಅಧಿಕಾರ ಜನರಿಗಿದೆ. ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ, ಅಧಿಕಾರವೆಲ್ಲ ಒಂದೇ ಕೈಯಲ್ಲಿ ಸೇರಬಾರದೆಂದು ಎಚ್ಚರಿಸಿದನು. ರೂಸೋ 1755ರಲ್ಲಿ ಇನ್ನೂ ಮುಂದೆ ಹೋಗಿ, ಎಲ್ಲರದಾದ ನೆಲಕ್ಕೆ ಬೇಲಿ ಹಾಕಿದಲ್ಲಿಂದಲೇ ಅಸಮಾನತೆ ಬೆಳೆಯಿತೆಂದು ವಾದಿಸಿದನು.

ಈ ಚಿಂತಕರು ದೋಷರಹಿತರಲ್ಲ. ಮನುಷ್ಯರೆಲ್ಲ ಸ್ವತಂತ್ರರೆಂದ ಲಾಕ್‌ಗೆ ಗುಲಾಮರ ವ್ಯಾಪಾರ ನಡೆಸುತ್ತಿದ್ದ ಕಂಪನಿಯಲ್ಲಿ ಪಾಲಿತ್ತು. 'ಎಲ್ಲರೂ' ಎಂಬ ಪದದೊಳಗೆ ಹೆಂಗಸರು, ಗುಲಾಮರು, ವಸಾಹತುಗಳ ಜನರು ಸೇರಿರಲಿಲ್ಲ. ಆ ಪದಕ್ಕೆ ಪೂರ್ಣ ಅರ್ಥ ತುಂಬುವ ಕೆಲಸ ಬೇರೆಯವರ ಪಾಲಿಗೆ ಬಂದಿತು. ಅದರ ಒಂದು ಮುಖ್ಯ ಅಧ್ಯಾಯ ಕೃಷ್ಣಾ ತೀರಕ್ಕೆ ಸೇರಿದ್ದು.

ಥಾಮಸ್ ಪೇನ್ ಮಾನವ ಹಕ್ಕುಗಳನ್ನು ಕುರಿತು ಬರೆದ ಗ್ರಂಥವನ್ನು ಪುಣೆಯ ಜ್ಯೋತಿಬಾ ಫುಲೆ 1847ರಲ್ಲಿ ಓದಿದರು. 1873ರಲ್ಲಿ ಅವರು ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. ಆ ವಿಚಾರಕ್ಕೆ ಆಶ್ರಯವಿತ್ತವರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಮುಖ್ಯರು. 1902ರಲ್ಲಿ ಅವರು ತಮ್ಮ ಸಂಸ್ಥಾನದ ನೌಕರಿಗಳಲ್ಲಿ ತೆರವಾಗುವ ಸ್ಥಾನಗಳ ಪೈಕಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಅಂದು ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1920ರಲ್ಲಿ ಮಾಣಗಾವದ ಸಮ್ಮೇಳನದಲ್ಲಿ ಶಾಹೂ ಮಹಾರಾಜರು ತರುಣ ಅಂಬೇಡ್ಕರರನ್ನು ಜನರ ನಾಯಕರೆಂದು ಎತ್ತಿ ಹಿಡಿದರು. 1925ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು.

ಎರಡು ವರ್ಷಗಳ ನಂತರ, ಸಹ್ಯಾದ್ರಿಯ ಆಚೆ ಮಗ್ಗುಲಿನ ಮಹಾಡದಲ್ಲಿ ಅವರು ಚವದಾರ ಕೆರೆಯ ನೀರು ಕುಡಿದರು. ದನಕರುಗಳಿಗೆ ಇಲ್ಲದ ಅಡ್ಡಿ ಮನುಷ್ಯರಿಗಿತ್ತು. 1927ರ ಡಿಸೆಂಬರ್ 25ರಂದು ಅಲ್ಲಿ ನಡೆದ ಸಭೆಯನ್ನು ಅವರು 1789ರ ಫ್ರೆಂಚ್ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಫ್ರಾನ್ಸಿನ ಘೋಷಣೆ ಬೊಗಸೆ ನೀರಿನಲ್ಲಿ ಪರೀಕ್ಷೆಗೆ ಒಳಗಾಯಿತು. ಇಂದು ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಇರುವುದನ್ನು ವಿದ್ಯಾರ್ಥಿಗಳು ತೆರೆದು ನೋಡಬೇಕು. ಆ ಪದಗಳ ಹಿಂದೆ ಇಂತಹ ಕೆರೆಗಳ ಕಥೆಯಿದೆ.

ದುಡಿಮೆಯ ಫಲದ ಹಕ್ಕೂ ಈ ನೆಲದಲ್ಲಿ ಪರೀಕ್ಷೆಗೆ ಒಳಗಾಗಿದೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆ ಬೇಡಿ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು; ಹಲವು ರೈತರು ಪ್ರಾಣ ತೆತ್ತರು. ಬೆಳೆದವನಿಗೆ ಬೆಳೆಯ ಬೆಲೆ ಹೇಳುವ ಹಕ್ಕಿಲ್ಲದಿದ್ದರೆ ಸೊತ್ತಿನ ಹಕ್ಕು ಬರಿಯ ಕಾಗದವಾಗುತ್ತದೆ. ಆ ಹಕ್ಕು ಕೇಳಿದವನನ್ನು ಕಾಯಬೇಕಾದ ಸರ್ಕಾರವೇ ಬಂದೂಕು ಎತ್ತಿದರೆ, ಲಾಕ್ ಹೇಳಿದ ನಂಬಿಕೆ ಮುರಿಯುತ್ತದೆ.

ಇನ್ನು, ಉಳಿದವರಿಗೂ ಮಿಗಬೇಕೆಂಬ ಮಾತು. ಹಕ್ಕು ಕೇಳುವ ಎಲ್ಲರೂ ಬಹುಬೇಗ ಮರೆಯುವ ಮಾತು ಇದು. ಕೃಷ್ಣಾ ತೀರದ ಕರಿಮಣ್ಣಿನಲ್ಲಿ ಕಬ್ಬಿಗೆ ಅಳತೆ ಮೀರಿ ನೀರು ಹಾಯಿಸಿದರೆ ಏನಾಗುತ್ತದೆಂದು ಅಲ್ಲಿನ ರೈತರು ಬಲ್ಲರು. ಕರಿಮಣ್ಣು ನೀರನ್ನು ಬೇಗ ಬಸಿಯಗೊಡುವುದಿಲ್ಲ. ಅಂತರ್ಜಲ ಮೇಲೇರಿ ಬೇರಿಗೆ ಉಸಿರು ಕಟ್ಟುತ್ತದೆ, ಅದು ಜವಳು. ನೀರು ಆವಿಯಾದಂತೆ ಉಪ್ಪು ಮಣ್ಣಿನ ಮೇಲೆ ಉಳಿಯುತ್ತದೆ, ಅದು ಸವಳು. ಮೇಲಿನ ಹೊಲದವನ ಹೆಚ್ಚಿನ ನೀರು ಬಸಿದು ತಗ್ಗಿನ ಹೊಲದವನ ಭೂಮಿಯನ್ನು ಕೆಡಿಸುತ್ತದೆ. ಹೊಲ ತನ್ನದು, ನೀರಿನ ಪಾಳಿ ತನ್ನದು ಎಂಬ ವಾದ ನ್ಯಾಯಾಲಯದಲ್ಲಿ ಗೆಲ್ಲಬಹುದು, ಮಣ್ಣಿನಲ್ಲಿ ಗೆಲ್ಲದು. ಬಸಿಗಾಲುವೆಯನ್ನು ಒಬ್ಬನೇ ತೋಡಲು ಬರುವುದಿಲ್ಲ. ಅದು ಹತ್ತು ಹೊಲಗಳನ್ನು ದಾಟಿ ಹೋಗಬೇಕು. ಹತ್ತು ಜನ ಕೂಡಿ ಒಪ್ಪಿಕೊಂಡ ನಿಯಮವೇ ಅಲ್ಲಿನ ಸಾಮಾಜಿಕ ಒಪ್ಪಂದ.

ಬೆಟ್ಟದ ಜನರಿಗೂ ಇದು ಅನ್ವಯಿಸುತ್ತದೆ. 1996ರಲ್ಲಿ ಬಿಯಾಸ್ ನದಿಯ ಪಾತ್ರವನ್ನು ಕುರಿತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನದಿ ಅರಣ್ಯಗಳಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂಬ ತತ್ವವನ್ನು ಎತ್ತಿ ಹಿಡಿಯಿತು. 2006ರ ಅರಣ್ಯ ಹಕ್ಕು ಕಾಯಿದೆ ಹಕ್ಕುಗಳನ್ನು ಗುರುತಿಸುವ ಕೆಲಸವನ್ನು ಗ್ರಾಮಸಭೆಯಿಂದ ಆರಂಭಿಸುತ್ತದೆ. ಅದರ 5ನೆಯ ಪ್ರಕರಣ ಕಾಡು, ಜಲಮೂಲ, ವನ್ಯಜೀವಿಗಳನ್ನು ಕಾಯುವ ಅಧಿಕಾರವನ್ನೂ ಹೊಣೆಯನ್ನೂ ಹಕ್ಕುದಾರರಿಗೇ ಒಪ್ಪಿಸುತ್ತದೆ. ಸಾಗುವಳಿಯ ಹಕ್ಕುಪತ್ರಕ್ಕೆ ಅರ್ಜಿ ಕೊಡುವ ಕೈ ಈ ಪ್ರಕರಣವನ್ನೂ ಓದಬೇಕು.

ನಿಸರ್ಗದತ್ತ ಹಕ್ಕು ದೊರೆಯ ಕೊಡುಗೆಯಲ್ಲ, ಆದ್ದರಿಂದ ಅದನ್ನು ಅಂಗಲಾಚಿ ಬೇಡಬೇಕಾಗಿಲ್ಲ. ಆದರೆ ಅದು ಒಬ್ಬನ ಹೊಲದ ಬದುವಿನಲ್ಲಿ ಮುಗಿಯುವುದೂ ಇಲ್ಲ. ಮೇಲಿನ ಹಳ್ಳಿಯು ಕೆಳಗಿನ ಹಳ್ಳಿಯನ್ನು ನೆನೆದು ಕಾಡು ಕಾಯಲಿ. ಕೆಳಗಿನ ಹಳ್ಳಿಯು ತಗ್ಗಿನ ಹೊಲವನ್ನು ನೆನೆದು ನೀರು ಹಾಯಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಹಕ್ಕಿನ ಅರ್ಜಿಯ ಜೊತೆಗೆ ಹಳ್ಳದ ಹೊಣೆಯೂ ಚರ್ಚೆಗೆ ಬರಲಿ.